ಹಳಿ ಬಂತು, ಎಂಜಿನ್ ಬರಲಿಲ್ಲ

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರು ಮುಟ್ಟುವ ರೈಲು ಹಾದಿ ಬಿದ್ದದ್ದು 1905ರಲ್ಲಿ. ಅದು ಮೀಟರ್ ಗೇಜ್ ಹಾದಿ. ಎರಡು ಹಳಿಗಳ ನಡುವೆ ಒಂದೇ ಮೀಟರು. ಗುಂತಕಲ್ಲಿನ ಮೇಲೆ ಹಾಯುವ ಮುಂಬಯಿ–ಮದ್ರಾಸ್ ಹಾದಿಯಲ್ಲಿ ಅದೇ ಅಂತರ 1,676 ಮಿಲಿಮೀಟರ್. ಅಲ್ಲಿ ದೊಡ್ಡದು, ಇಲ್ಲಿ ಸಣ್ಣದು ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಇಂದಿಗೂ ಒಂದೇ: ಬಡ ಸೀಮೆಗೆ ಅಗ್ಗದ ರೈಲು, ಅದೂ ಆಗದಿದ್ದರೆ ರೈಲೇ ಇಲ್ಲ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ನಾವು ಈ ಮಾತನ್ನು ಎಷ್ಟು ಕೇಳಿದ್ದೇವೆ ಎಂದರೆ ಅದು ವಾದ ಎನ್ನುವುದೇ ಮರೆತುಹೋಗಿ, ಮಳೆ ಬಿಸಿಲಿನ ಹಾಗೆ ಇರುವ ಸಂಗತಿ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಆದರೆ ಅದು ವಾದವೇ. ಅದನ್ನು ಜಗತ್ತಿನ ಮುಂದೆ ಎಲ್ಲರಿಗಿಂತ ಗಟ್ಟಿಯಾಗಿ ಇಟ್ಟವನು ರಾಬರ್ಟ್ ಫ್ರಾನ್ಸಿಸ್ ಫೇರ್ಲಿ ಎಂಬ ಎಂಜಿನಿಯರ್. ವಿಕ್ಟೋರಿಯಾ ರಾಣಿಯ ಕಾಲದ ಈ ಸ್ಕಾಟ್ಲೆಂಡಿನವನು ಕೆಲ ವರ್ಷ ಭಾರತದಲ್ಲೂ ರೈಲು ಕೆಲಸ ಮಾಡಿದ್ದ. ಅವನ ಬದುಕನ್ನು ಓದುತ್ತ ಹೋದಂತೆ ನನಗೆ ಖಾತ್ರಿಯಾದದ್ದು ಇದು: ಫೇರ್ಲಿ ಹೇಳಿದ್ದು ಒಂದು ಮಾತಲ್ಲ, ಜೋಡಿ ಮಾತು. ಹಳಿ ಸಣ್ಣದಾಗಿರಲಿ ಎಂಬುದು ಮೊದಲನೆಯದು. ಆ ಸಣ್ಣ ಹಳಿಯ ಮೇಲೆ ದೊಡ್ಡ ಹಳಿಯಷ್ಟೇ ಹೊರೆ ಎಳೆಯುವ ಎಂಜಿನ್ ಇರಲಿ ಎಂಬುದು ಎರಡನೆಯದು. ಸರ್ಕಾರಗಳೂ ಕಂಪನಿಗಳೂ ದುಡ್ಡು ಉಳಿಸುವ ಮೊದಲನೆಯ ಮಾತನ್ನು ಎತ್ತಿಕೊಂಡವು, ದುಡ್ಡು ಕೇಳುವ ಎರಡನೆಯದನ್ನು ಬಿಟ್ಟವು. ಕೊಟ್ಟೂರಿನ ಹಾದಿ ಒಂದು ಶತಮಾನ ಅನುಭವಿಸಿದ್ದು ಆ ಬಿಟ್ಟುಹೋದ ಅರ್ಧದ ಫಲವನ್ನು.

ಫೇರ್ಲಿ ಹುಟ್ಟಿದ್ದು 1831ರಲ್ಲಿ, ಗ್ಲಾಸ್ಗೋದಲ್ಲಿ. ಆಗ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಎಂಜಿನ್ ಕಟ್ಟುವವರಿಗೆ ಕಾಲೇಜು ಇರಲಿಲ್ಲ. ಕಾರ್ಖಾನೆಗೆ ಸೇರಿ, ಲೇತಿನ ಮುಂದೆ ನಿಂತು, ಹಿರಿಯ ಫಿಟ್ಟರನ ಕೈ ನೋಡಿ ಕಲಿಯಬೇಕು. ಫೇರ್ಲಿ ಕಲಿತದ್ದು ಕ್ರೂ ಮತ್ತು ಸ್ವಿಂಡನ್ ಕಾರ್ಖಾನೆಗಳಲ್ಲಿ, ಮತ್ತು ಅವನ ಮುಂದಿನ ವಿಚಾರಕ್ಕೆ ಬೀಜ ಬಿದ್ದದ್ದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಯಾಕೆಂದರೆ ಆ ಎರಡು ಊರುಗಳು ಎರಡು ಪಕ್ಷಗಳ ಕೋಟೆಗಳು. ಕ್ರೂನಲ್ಲಿ ಕಟ್ಟುತ್ತಿದ್ದದ್ದು 1,435 ಮಿಲಿಮೀಟರ್ ಹಳಿಯ ಎಂಜಿನು. ಸ್ವಿಂಡನ್ನಿನಲ್ಲಿ ಕಟ್ಟುತ್ತಿದ್ದದ್ದು ಎಂಜಿನಿಯರ್ ಬ್ರುನೆಲ್ ಹಾಕಿಸಿದ ಏಳು ಅಡಿ ಹಳಿಯ ಎಂಜಿನು. ಸ್ವಿಂಡನ್ ಆಗ ಡೇನಿಯಲ್ ಗೂಚ್ ಕೈಯಲ್ಲಿತ್ತು. ಗೂಚ್ 1837ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಲೋಕೋಮೋಟಿವ್ ಸೂಪರಿಂಟೆಂಡೆಂಟ್ ಆದಾಗ ಅವನಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ಗೂಚ್ ಕಥೆಯನ್ನು ಇಲ್ಲಿ ಒಂದು ಗಳಿಗೆ ನೋಡಬೇಕು. 1845ರಲ್ಲಿ ಯಾವ ಗೇಜು ಮೇಲು ಎಂದು ತೀರ್ಮಾನಿಸಲು ಬ್ರಿಟನ್ನಿನ ಸರ್ಕಾರ ಆಯೋಗ ನೇಮಿಸಿತು. ಓಟದ ಪರೀಕ್ಷೆ ನಡೆಯಿತು. ಗೂಚ್ ವಿನ್ಯಾಸ ಮಾಡಿದ ‘ಇಕ್ಸಿಯಾನ್’ ಎಂಜಿನು ಸಣ್ಣ ಗೇಜಿನವರ ಎಂಜಿನುಗಳನ್ನು ವೇಗದಲ್ಲಿ ಹಿಂದೆ ಹಾಕಿತು. ಆದರೂ ಸೋತದ್ದು ಏಳು ಅಡಿ ಹಳಿಯೇ. ದೇಶದಲ್ಲಿ ಆಗಲೇ ಸಣ್ಣ ಗೇಜಿನ ಮೈಲಿಗಳು ಹೆಚ್ಚಿದ್ದವು. ಗ್ಲಾಸ್ಟರಿನಲ್ಲಿ ಎರಡು ಗೇಜುಗಳು ಸೇರುವ ಕಡೆ ಸಾಮಾನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ಗೊಂದಲ ಎಲ್ಲರ ಕಣ್ಣಿಗೆ ಬಿದ್ದಿತ್ತು. ಗೂಚ್ ಮುಂದೆ ಅದೇ ಕಂಪನಿಯ ಅಧ್ಯಕ್ಷನಾದ. 1889ರಲ್ಲಿ ತೀರಿಕೊಂಡ. ಮೂರು ವರ್ಷ ಕಳೆದು 1892ರ ಮೇ ತಿಂಗಳಲ್ಲಿ ಕೊನೆಯ ಏಳು ಅಡಿ ಹಳಿಗಳನ್ನು ಕಿತ್ತುಹಾಕಿದರು. ಒಳ್ಳೆಯ ಎಂಜಿನಿದ್ದರೂ ಒಂಟಿ ಗೇಜು ಬದುಕುವುದಿಲ್ಲ ಎನ್ನುವುದು ಅಲ್ಲಿ ಸಿದ್ಧವಾಯಿತು. ಒಂಟಿ ಗೇಜಿನ ಮೇಲೆ ಒಳ್ಳೆಯ ಎಂಜಿನೂ ಇಲ್ಲದಿದ್ದರೆ ಏನಾದೀತು ಎನ್ನುವುದನ್ನು ಸಿದ್ಧಮಾಡಿದ್ದು ನಮ್ಮಂಥ ಸೀಮೆಗಳು.

ಸ್ವಿಂಡನ್ ಬಿಟ್ಟ ಫೇರ್ಲಿ 1853ರಲ್ಲಿ ಐರ್ಲೆಂಡಿನ ಲಂಡನ್‌ಡೆರಿ–ಕೋಲೆರೇನ್ ರೈಲ್ವೆಯ ಸೂಪರಿಂಟೆಂಡೆಂಟ್ ಆದ. ಅಲ್ಲಿಯ ಗೇಜು 1,600 ಮಿಲಿಮೀಟರ್. ಮುಂದೆ ಭಾರತಕ್ಕೆ ಬಂದು ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ದುಡಿದ. ಅದು 1,676. ತಿರುಗಿ ಲಂಡನ್ನಿಗೆ ಹೋಗಿ ಸ್ವಂತ ಕಚೇರಿ ತೆರೆದ. ಮೂವತ್ತು ತುಂಬುವ ಹೊತ್ತಿಗೆ ನಾಲ್ಕು ಗೇಜುಗಳ ಮೇಲೆ ಕೈಯಾಡಿಸಿದ ಮನುಷ್ಯ. ಹಳಿಯ ಅಂತರ ದೇವರು ಕೊಟ್ಟದ್ದಲ್ಲ, ಯಾರೋ ಕೋಣೆಯಲ್ಲಿ ಕೂತು ತೀರ್ಮಾನಿಸಿದ್ದು ಎನ್ನುವುದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಕಡಿಮೆ.

1862ರಲ್ಲಿ ಎಲಿಝಾ ಆನ್ ಎಂಬ ಹುಡುಗಿಯನ್ನು ಮನೆಯವರಿಗೆ ಹೇಳದೆ ಕರೆದುಕೊಂಡು ಹೋಗಿ ಮದುವೆಯಾದ. ಅವಳ ತಂದೆ ಜಾರ್ಜ್ ಇಂಗ್ಲೆಂಡ್ ಲಂಡನ್ನಿನ ಹ್ಯಾಚಮ್‌ನಲ್ಲಿ ಎಂಜಿನ್ ಕಾರ್ಖಾನೆ ನಡೆಸುತ್ತಿದ್ದವನು. ತಂದೆಯ ಒಪ್ಪಿಗೆ ಇದೆ ಎಂದು ಫೇರ್ಲಿ ಸುಳ್ಳು ಪ್ರಮಾಣ ಮಾಡಿದನೆಂದು ಇಂಗ್ಲೆಂಡ್ ಮೊಕದ್ದಮೆ ಹೂಡಿದ. ಕಟಕಟೆಯಲ್ಲಿ ವಕೀಲರು ಕೆದಕಿದಾಗ, ಹುಡುಗಿಯ ತಾಯಿಯನ್ನು ತಾನು ಕಾನೂನಿನ ಪ್ರಕಾರ ಮದುವೆಯಾಗಿರಲಿಲ್ಲ ಎಂದು ಆತನೇ ಒಪ್ಪಿಕೊಳ್ಳಬೇಕಾಯಿತು. ಕಾನೂನಿನ ಕಣ್ಣಿಗೆ ತಂದೆಯೇ ಅಲ್ಲದವನ ಒಪ್ಪಿಗೆ ಯಾಕೆ ಬೇಕು? ಮೊಕದ್ದಮೆ ಬಿದ್ದುಹೋಯಿತು. ಆ ಹೆಣ್ಣುಮಗಳ ಮಾನವನ್ನು ಊರ ಮುಂದೆ ಹರಾಜು ಹಾಕಿದ ಈ ಪ್ರಸಂಗ ಓದುವಾಗ ಸಂಕಟವಾಗುತ್ತದೆ. ಆದರೆ ಏಳು ವರ್ಷ ಕಳೆಯುವಷ್ಟರಲ್ಲಿ ಫೇರ್ಲಿಯ ಹೆಸರು ಜಗತ್ತಿಗೆ ಮುಟ್ಟಿಸಿದ ಎಂಜಿನು ತಯಾರಾದದ್ದು ಅದೇ ಮಾವನ ಕಾರ್ಖಾನೆಯಲ್ಲಿ.

ಆ ಎಂಜಿನಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯ ಉಗಿ ಎಂಜಿನಿಗೆ ಒಂದು ಬಾಯ್ಲರು, ಹಿಂದೆ ಬೆಂಕಿಯ ಪೆಟ್ಟಿಗೆ, ಅದರ ಹಿಂದೆ ಕಲ್ಲಿದ್ದಲು ನೀರು ಹೊರುವ ಬೇರೆ ಗಾಡಿ. ಆ ಹಿಂದಿನ ಗಾಡಿಯ ತೂಕ ಎಳೆತಕ್ಕೆ ಒದಗುವುದಿಲ್ಲ, ಬರೀ ಹೊರೆ. 1864ರಲ್ಲಿ ಫೇರ್ಲಿ ಪೇಟೆಂಟ್ ಪಡೆದ ಎಂಜಿನಿನಲ್ಲಿ ಬೆಂಕಿಯ ಪೆಟ್ಟಿಗೆ ನಟ್ಟನಡುವೆ. ಅದರ ಎರಡೂ ಕಡೆಗೆ ಒಂದೊಂದು ಬಾಯ್ಲರು, ಎರಡು ತುದಿಗೂ ಒಂದೊಂದು ಹೊಗೆಕೊಳವೆ. ಬಾಯ್ಲರಿನ ಕೆಳಗೆ ತಿರುವಿನಲ್ಲಿ ಬೇರೆಬೇರೆಯಾಗಿ ತಿರುಗಿಕೊಳ್ಳುವ ಎರಡು ಗಾಲಿಚೌಕಟ್ಟುಗಳು. ಪ್ರತಿಯೊಂದಕ್ಕೂ ಅದರದೇ ಸಿಲಿಂಡರು, ಅದರದೇ ಪಿಸ್ಟನ್ನು. ಕಲ್ಲಿದ್ದಲು ನೀರು ಎಂಜಿನಿನ ಮೈಮೇಲೆಯೇ. ಹೀಗಾಗಿ ಪೂರ್ತಿ ತೂಕ ಎಳೆಯುವ ಗಾಲಿಗಳ ಮೇಲೆ ಬೀಳುತ್ತದೆ, ಹಳಿಗೆ ಹಿಡಿತ ಸಿಗುತ್ತದೆ, ಒಂದೊಂದು ಗಾಲಿಯ ಭಾರ ಮಾತ್ರ ಮಿತಿಯಲ್ಲೇ ಇರುತ್ತದೆ. ಚಾಲಕ ಬೆಂಕಿಪೆಟ್ಟಿಗೆಯ ಒಂದು ಬದಿಗೆ, ಫೈರ್‌ಮನ್ ಇನ್ನೊಂದು ಬದಿಗೆ ನಿಲ್ಲಬೇಕು. ಹಿಂದು ಮುಂದು ಎಂಬುದಿಲ್ಲದ ಎಂಜಿನಾದ್ದರಿಂದ ಕೊನೆಯ ನಿಲ್ದಾಣದಲ್ಲಿ ಅದನ್ನು ತಿರುಗಿಸುವ ಚಕ್ರವೇದಿಕೆಯೂ ಬೇಡ.

ಇದನ್ನು ಮೆರೆಸಿ ತೋರಿದ ಜಾಗ ವೇಲ್ಸಿನ ಫೆಸ್ಟಿನಿಯೋಗ್ ರೈಲ್ವೆ. ಹಳಿಗಳ ನಡುವೆ ಬರೀ 597 ಮಿಲಿಮೀಟರ್, ಎರಡು ಅಡಿಯೂ ಇಲ್ಲ. ಬೆಟ್ಟದ ಗಣಿಗಳಿಂದ ಚಾವಣಿಗೆ ಹೊದಿಸುವ ಹಾಸುಕಲ್ಲನ್ನು ಬಂದರಿಗೆ ಇಳಿಸಲು 1836ರಲ್ಲಿ ಹಾಕಿದ ಹಾದಿ. ಕಲ್ಲು ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಾವೇ ಉರುಳಿಕೊಂಡು ಬರುತ್ತಿದ್ದವು. ಖಾಲಿ ಗಾಡಿಗಳನ್ನು ಮೇಲಕ್ಕೆ ಎಳೆಯುವುದು ಕುದುರೆಗಳ ಕೆಲಸ. ಇಳಿಯುವಾಗ ಆ ಕುದುರೆಗಳೂ ಒಂದು ಗಾಡಿಯಲ್ಲಿ ನಿಂತು ಮೇವು ತಿನ್ನುತ್ತ ಕೆಳಗೆ ಬರುತ್ತಿದ್ದವು. 1863ರಲ್ಲಿ ಜಾರ್ಜ್ ಇಂಗ್ಲೆಂಡನ ಸಣ್ಣ ಎಂಜಿನುಗಳು ಬಂದವು. ಹೊರೆ ಏರುತ್ತ ಹೋಗಿ ಅವೂ ಸಾಲದಾದವು. ಹಾದಿಯನ್ನು ಜೋಡಿ ಮಾಡೋಣವೆಂದರೆ ಬೆಟ್ಟ ಕಡಿಯಬೇಕು, ಖರ್ಚು ತಡೆಯದು. ಆಗ 1869ರಲ್ಲಿ ಬಂದದ್ದು ಫೇರ್ಲಿಯ ‘ಲಿಟಲ್ ವಂಡರ್’. ಹಳಿಯನ್ನು ಮುಟ್ಟದೆ, ಜೋಡಿ ಹಾದಿಯ ಖರ್ಚಿಲ್ಲದೆ, ಅದೇ ಸಣ್ಣ ಹಾದಿಯಲ್ಲಿ ಎರಡು ಎಂಜಿನುಗಳ ಕೆಲಸವನ್ನು ಅದೊಂದೇ ಮಾಡಿತು. 1870ರ ಫೆಬ್ರವರಿಯಲ್ಲಿ ನಡೆದ ಪರೀಕ್ಷೆಯನ್ನು ನೋಡಲು ರಷ್ಯದಿಂದ ದೊಡ್ಡ ನಿಯೋಗವೇ ಬಂದಿತ್ತು. ಫೇರ್ಲಿ ತನ್ನ ಪೇಟೆಂಟನ್ನು ಬಳಸಲು ಆ ಪುಟ್ಟ ಕಂಪನಿಗೆ ಶುಲ್ಕವಿಲ್ಲದೆ ಅನುಮತಿ ಕೊಟ್ಟ. ಅಲ್ಲಿ ಇಂದಿಗೂ ಅದೇ ಮಾದರಿಯ ಎಂಜಿನುಗಳು ಓಡುತ್ತಿವೆ.

ಗೆಲುವಿನ ಬಲದ ಮೇಲೆ ಫೇರ್ಲಿ ತನ್ನ ದೊಡ್ಡ ವಾದವನ್ನು ಹೊರತೆಗೆದ. ರೈಲು ಗಾಡಿಗಳು ಹೊರುವ ಸರಕಿಗಿಂತ ಗಾಡಿಯ ತೂಕವೇ ಹೆಚ್ಚು, ಮೂಗಿಗಿಂತ ಮೂಗುತಿ ಭಾರ. ಹಳಿ ಅಗಲವಾದಷ್ಟೂ ಗಾಡಿ ದೊಡ್ಡದಾಗುತ್ತದೆ, ದೊಡ್ಡ ಗಾಡಿ ಅರ್ಧ ಖಾಲಿಯೇ ಓಡುತ್ತದೆ. ಮೂರು ಅಡಿ ಹಳಿ ಸಾಕು, ಅದರ ಮೇಲೆ ತನ್ನ ಎಂಜಿನು ಓಡಿಸಿದರೆ ದೊಡ್ಡ ಗೇಜಿನಷ್ಟೇ ಸರಕು ಸಾಗುತ್ತದೆ. 1872ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಶೀರ್ಷಿಕೆಯಲ್ಲೇ ಸವಾಲು ಇತ್ತು: ರೈಲು ಬೇಕೋ, ರೈಲೇ ಬೇಡವೋ?

ಈ ವಾದವನ್ನು ಜಗತ್ತು ಹೇಗೆ ನುಂಗಿತು ಎಂಬುದಕ್ಕೆ ಅಮೆರಿಕವನ್ನು ನೋಡಬೇಕು. 1870ರ ದಶಕದಲ್ಲಿ ಅಲ್ಲಿ ಮೂರು ಅಡಿ ಗೇಜಿನ ಹುಚ್ಚೇ ಹಿಡಿಯಿತು. ಡೆನ್ವರ್ ಅಂಡ್ ರಿಯೊ ಗ್ರಾಂಡೆ ಕಂಪನಿ ಕೊಲೊರಾಡೊದ ಬೆಟ್ಟಗಳಲ್ಲಿ ಆ ಗೇಜಿನ ಹಾದಿ ಹಾಕಿತು, ನೋಡಿ ಉಳಿದವರೂ ಹಾಕಿದರು, ಸಾವಿರಾರು ಮೈಲಿ ಬೆಳೆಯಿತು. ಆದರೆ ಆ ಕಂಪನಿ ಕೊಂಡ ಫೇರ್ಲಿ ಎಂಜಿನು ಒಂದೇ ಒಂದು, 1873ರಲ್ಲಿ ಬಂದ ‘ಮೌಂಟನಿಯರ್’. ಮಿಕ್ಕದ್ದಕ್ಕೆಲ್ಲ ಮಾಮೂಲಿ ಸಣ್ಣ ಎಂಜಿನು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸಣ್ಣ ಗೇಜಿನ ಕಂಪನಿಗಳು ಸಾಲುಸಾಲಾಗಿ ಮುಳುಗಿದವು ಇಲ್ಲವೇ ಹಳಿ ಅಗಲ ಮಾಡಿಕೊಂಡವು. ಮೆಕ್ಸಿಕೊದಲ್ಲಿ ಆದದ್ದು ತಿರುವುಮುರುವು. ಅಲ್ಲಿಯ ದೊಡ್ಡ ರೈಲ್ವೆ ತನ್ನ ಹಳಿಯನ್ನು ಸಣ್ಣದು ಮಾಡದೆ, ಕಡಿದಾದ ಮಾಲ್‌ತ್ರಾತಾ ಘಟ್ಟಕ್ಕೆ ಹತ್ತಾರು ಫೇರ್ಲಿ ಎಂಜಿನುಗಳನ್ನು ತರಿಸಿತು, ಅವು ದಶಕಗಳ ಕಾಲ ದುಡಿದವು. ಎಂಜಿನು ತಂದವರಿಗೆ ಫಲ ಸಿಕ್ಕಿತು, ಬರೀ ಗೇಜು ತಂದವರಿಗೆ ಸಿಗಲಿಲ್ಲ.

ಇನ್ನು ಭಾರತ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ದೇಶಕ್ಕೆಲ್ಲ ಒಂದೇ ದೊಡ್ಡ ಗೇಜು ಎಂದು ತೀರ್ಮಾನಿಸಿದ್ದ. ಕಂಪನಿಗಳಿಗೆ ಸರ್ಕಾರ ಐದು ಪರ್ಸೆಂಟ್ ಬಡ್ಡಿಯ ಖಾತರಿ ಕೊಟ್ಟಿತ್ತು. ಲಾಭ ಬರಲಿ ಬಿಡಲಿ ಬಡ್ಡಿ ಕಟ್ಟಬೇಕು, ಅದನ್ನು ಕಟ್ಟಿದ್ದು ಇಲ್ಲಿಯ ರೈತರ ಕಂದಾಯ. ಖಜಾನೆ ಸೊರಗಿದಾಗ ವೈಸ್‌ರಾಯ್ ಮೇಯೊ 1870ರಲ್ಲಿ ಸಣ್ಣ ಗೇಜಿನ ಕಡೆ ತಿರುಗಿದ. ಮೆಟ್ರಿಕ್ ಅಳತೆ ಜಾರಿಗೆ ತರುವ ಮಾತು ನಡೆದಿದ್ದರಿಂದ ಒಂದು ಮೀಟರು ಎಂದು ನಿಂತಿತು. 1873ರಲ್ಲಿ ದೆಹಲಿ–ರೇವಾಡಿ ನಡುವೆ ಮೊದಲ ಮೀಟರ್ ಗೇಜ್ ಗಾಡಿ ಓಡಿತು. ಇದಕ್ಕೆಲ್ಲ ಫೇರ್ಲಿಯೊಬ್ಬನೇ ಕಾರಣ ಎಂದರೆ ಅತಿಯಾದೀತು, ಮುಖ್ಯ ಕಾರಣ ಖಜಾನೆ. ಆದರೆ ಖಜಾನೆಗೆ ಬೇಕಾಗಿದ್ದ ಮಾತನ್ನು ವಿಜ್ಞಾನದ ಭಾಷೆಯಲ್ಲಿ ಆಡುತ್ತಿದ್ದವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಅವನು. ಎರಡು ಗೇಜು ಸೇರುವ ಕಡೆ ಸಾಮಾನು ಇಳಿಸಿ ಏರಿಸುವ ಖರ್ಚು ಲೆಕ್ಕಕ್ಕೇ ಬಾರದಷ್ಟು ಕಡಿಮೆ ಎಂದು ಸಣ್ಣ ಗೇಜಿನ ಪಕ್ಷದವರು ಹೇಳಿದರು. ಗ್ಲಾಸ್ಟರಿನ ಪಾಠ ಇಪ್ಪತ್ತೈದು ವರ್ಷಕ್ಕೇ ಮರೆತಿತ್ತು. ಅದರ ನಿಜವಾದ ಲೆಕ್ಕ ಬರೆದದ್ದು ಗುಂತಕಲ್ಲಿನ ಹಮಾಲರ ಬೆನ್ನಿನ ಮೇಲೆ. ನಮ್ಮ ಹತ್ತಿಯ ಅಂಡಿಗೆ, ಶೇಂಗಾ ಚೀಲ ಅಲ್ಲಿ ಸಣ್ಣ ವ್ಯಾಗನ್ನಿನಿಂದ ಇಳಿದು ದೊಡ್ಡ ವ್ಯಾಗನ್ನಿಗೆ ಏರಬೇಕಿತ್ತು.

ಹಾಗಾದರೆ ಮೀಟರ್ ಗೇಜು ಬಂದದ್ದೇ ತಪ್ಪೇ? ಇಲ್ಲ ಎನ್ನುತ್ತೇನೆ, ಮತ್ತು ಇದನ್ನು ಒತ್ತಿ ಹೇಳಬೇಕು. 1876–78ರ ಧಾತು–ಈಶ್ವರ ಬರವನ್ನು ನೆನೆಯಬೇಕು. ಬಳ್ಳಾರಿಯವರೆಗೆ ಆಗಲೇ ದೊಡ್ಡ ಗೇಜಿನ ಹಾದಿ ಇತ್ತು. ರೈಲಿನಲ್ಲಿ ಕಾಳು ಬಂದು ನಿಲ್ದಾಣದಲ್ಲಿ ಬೀಳುತ್ತಿತ್ತು. ಅಲ್ಲಿಂದ ಪಡುವಣದ ತಾಲ್ಲೂಕುಗಳಿಗೆ, ಕೂಡ್ಲಿಗಿಗೆ, ಹಡಗಲಿಗೆ, ಹರಪನಹಳ್ಳಿಗೆ ಒಯ್ಯುವುದು ಹೇಗೆ? ಬಂಡಿ ಇದ್ದವು, ಮೇವು ನೀರಿಲ್ಲದೆ ಎತ್ತುಗಳು ಸತ್ತಿದ್ದವು. ನಿಲ್ದಾಣದಲ್ಲಿ ಕಾಳು, ಹಳ್ಳಿಯಲ್ಲಿ ಹಸಿವು, ನಡುವೆ ನಾಲ್ಕಾರು ದಿನದ ಬಂಡಿ ಹಾದಿ. ಇಷ್ಟು ಹತ್ತಿರ ಬಂದ ಅನ್ನ ಬಾಯಿಗೆ ಬರದೆ ಜನ ಸತ್ತದ್ದನ್ನು ಯಾವ ಗೇಜಿನ ತತ್ತ್ವವೂ ಸಮರ್ಥಿಸಲಾರದು. ರೈಲಿಗಿಂತ ಕಾಲುವೆ ಮೇಲು ಎಂದು ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್ ಹಠ ಹಿಡಿದು ವಾದಿಸಿದ. ತುಂಗಭದ್ರೆಯ ದಂಡೆಯಲ್ಲಿದ್ದೂ ಒಣಗಿದ ನಮ್ಮ ಹೊಲಗಳ ಮಟ್ಟಿಗೆ ಅವನ ಮಾತಿಗೆ ದೊಡ್ಡ ತೂಕವಿದೆ. ಆದರೆ ಕ್ಷಾಮ ಆಯೋಗ 1880ರ ವರದಿಯಲ್ಲಿ ಬರ ಪೀಡಿತ ಸೀಮೆಗೆ ರೈಲು ಬೇಗ ಹಾಕಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದರ ಹಳಿಗಳು ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಹೊಲಿದವು. ಸರ್ಕಾರದ ಸೊರಗಿದ ಖಜಾನೆಯನ್ನು ನಂಬಿಕೊಂಡು ದೊಡ್ಡ ಗೇಜಿಗೆ ಕಾದಿದ್ದರೆ ಕೊಟ್ಟೂರಿಗೆ 1905ರಲ್ಲಿ ರೈಲು ಬರುತ್ತಿರಲಿಲ್ಲ. ಈ ಮಟ್ಟಿಗೆ ಫೇರ್ಲಿಯ ಮೊದಲನೆಯ ಮಾತು ನಮ್ಮ ಪಾಲಿಗೆ ನಿಜವಾಯಿತು.

ಸುಳ್ಳಾದದ್ದು ಎರಡನೆಯದು. ಭಾರತದ ಮೀಟರ್ ಗೇಜಿನಲ್ಲಿ ದಶಕಗಟ್ಟಲೆ ದುಡಿದದ್ದು ಎಫ್ ದರ್ಜೆಯ ಆರು ಗಾಲಿಯ ಸಣ್ಣ ಎಂಜಿನು. ಗಟ್ಟಿ, ಸರಳ, ರಿಪೇರಿಗೆ ಸುಲಭ, ಅದರ ಗುಣಕ್ಕೆ ಕೊರತೆಯಿಲ್ಲ. ಆದರೆ ಸಣ್ಣ ಹಳಿಯಲ್ಲಿ ದೊಡ್ಡ ಹಳಿಯ ಹೊರೆ ಎಳೆಯುವ ಎಂಜಿನು ಅದಲ್ಲ.

ಇದಕ್ಕೆ ಬರುವ ಎದುರುವಾದ ಗೊತ್ತು. ಫೇರ್ಲಿ ಎಂಜಿನಿನಲ್ಲಿ ದೋಷಗಳಿದ್ದವು: ತಿರುಗುವ ಗಾಲಿಚೌಕಟ್ಟಿಗೆ ಉಗಿ ಒಯ್ಯುವ ಕೊಳವೆಯ ಕೀಲುಗಳು ಸೋರುತ್ತಿದ್ದವು, ಕಲ್ಲಿದ್ದಲು ನೀರಿಗೆ ಜಾಗ ಸಾಲುತ್ತಿರಲಿಲ್ಲ, ನಡುವಿನ ಇಕ್ಕಟ್ಟಿನಲ್ಲಿ ಚಾಲಕನೂ ಫೈರ್‌ಮನ್ನೂ ಬೇಯುತ್ತಿದ್ದರು. ನಮ್ಮ ಬೇಸಿಗೆಯಲ್ಲಿ ಆ ಕೆಲಸ ನೆನೆಸಿಕೊಂಡರೆ ಮೈ ಬೆವರುತ್ತದೆ. ಮೇಲಾಗಿ ಬೆಟ್ಟದ ಎಂಜಿನು ಬಯಲು ಸೀಮೆಗೆ ಯಾಕೆ? ಈ ಮಾತುಗಳಲ್ಲಿ ಹುರುಳಿದೆ. ಮುಂದೆ ಗ್ಯಾರಟ್ ಮಾದರಿಯ ಎಂಜಿನು ಬಂದು ಈ ದೋಷಗಳಲ್ಲಿ ಹಲವನ್ನು ನೀಗಿಸಿತು. ಆದರೆ ನಾನು ಕೇಳುತ್ತಿರುವುದು ಎರಡು ಹೊಗೆಕೊಳವೆಗಳನ್ನಲ್ಲ. ಆ ಎಂಜಿನಿನ ಒಳಗಿದ್ದ ಕರಾರನ್ನು. ಸಣ್ಣ ಹಾದಿಯ ಜನರಿಗೂ ದೊಡ್ಡ ಹಾದಿಯಷ್ಟೇ ಕೆಲಸ ಆಗಬೇಕು, ಅದಕ್ಕೆ ಬೇಕಾದ ಯಂತ್ರ, ಗಾಡಿ, ಓಡಾಟ ಒದಗಿಸಬೇಕು ಎಂಬ ಕರಾರು. ಫೆಸ್ಟಿನಿಯೋಗ್ ಅದನ್ನು ಪಾಲಿಸಿತು, ನಮ್ಮಲ್ಲಿ ಅದರ ಸುದ್ದಿಯೇ ಏಳಲಿಲ್ಲ. ಸುಮಾರು 70 ಕಿಲೋಮೀಟರಿನ ಕೊಂಬೆ ಹಾದಿ ಕೊಟ್ಟೂರಿನಲ್ಲಿ ನಿಂತುಹೋಯಿತು. ಮುಂದೆ ಹರಪನಹಳ್ಳಿ ದಾಟಿ ಹರಿಹರ ಸೇರಿಸಿದ್ದರೆ ಹೊಸಪೇಟೆಯ ಹಾದಿಗೂ ಬೆಂಗಳೂರು–ಪುಣೆ ಹಾದಿಗೂ ಕೊಂಡಿ ಬೀಳುತ್ತಿತ್ತು. ಆ ಸುಮಾರು 65 ಕಿಲೋಮೀಟರ್ ಹಾದಿ ಮುಗಿಯಲು 2014 ಬರಬೇಕಾಯಿತು.

ಫೇರ್ಲಿಯ ಬದುಕಿನಿಂದ ನಮಗೆ ಬಾರದೆ ಹೋದದ್ದು ಇನ್ನೊಂದಿದೆ, ಕಲಿಕೆಯ ಏಣಿ. ಗ್ಲಾಸ್ಗೋದ ಹುಡುಗ ಕ್ರೂನಲ್ಲಿ ಕೈಕೆಲಸ ಕಲಿತು, ಇಪ್ಪತ್ತೆರಡಕ್ಕೆ ಸೂಪರಿಂಟೆಂಡೆಂಟ್ ಆಗಿ, ಮೂವತ್ತಮೂರಕ್ಕೆ ಸ್ವಂತ ಎಂಜಿನಿಗೆ ಪೇಟೆಂಟ್ ಪಡೆಯಬಲ್ಲವನಾದ. ಸದರ್ನ್ ಮರಾಠಾ ಕಂಪನಿ 1885ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿ ಸುತ್ತಿಗೆ ಹಿಡಿದ ಕಮ್ಮಾರ, ಬಡಗಿ, ಫಿಟ್ಟರುಗಳ ಕೈ ಯಾವ ಕ್ರೂವಿನ ಕೈಗೂ ಕಡಿಮೆಯದಲ್ಲ. ಒಂದು ನೂರು ವರ್ಷ ಹಳೆಯ ಎಂಜಿನುಗಳನ್ನು ಓಡುವಂತೆ ಇಟ್ಟದ್ದು ಆ ಕೈಗಳೇ. ಆದರೆ ಅವರ ಏಣಿಗೆ ಮೇಲಿನ ಮೆಟ್ಟಿಲುಗಳೇ ಇರಲಿಲ್ಲ. ವಿನ್ಯಾಸದ ಕೋಣೆ ಇದ್ದದ್ದು ಬ್ರಿಟನ್ನಿನಲ್ಲಿ, ಎಂಜಿನು ಬರುತ್ತಿದ್ದದ್ದು ಅಲ್ಲಿಂದ. ಬ್ರಿಟಿಷರ ಆಳ್ವಿಕೆ ಮುಗಿಯುವಷ್ಟರಲ್ಲಿ ಅಲ್ಲಿಂದ ತರಿಸಿದ ಎಂಜಿನುಗಳು ಸುಮಾರು 12,000, ಇಲ್ಲಿಯ ಕಾರ್ಖಾನೆಗಳಲ್ಲಿ ಕಟ್ಟಿದ್ದು ಸುಮಾರು 700. ಕಟ್ಟಲು ಬರುತ್ತಿರಲಿಲ್ಲ ಎಂದಲ್ಲ. 1895ರಲ್ಲೇ ಅಜ್ಮೀರಿನ ಕಾರ್ಖಾನೆ ಎಫ್ ದರ್ಜೆಯ ಮೀಟರ್ ಗೇಜ್ ಎಂಜಿನನ್ನು ಕಟ್ಟಿ ತೋರಿಸಿತ್ತು. ಹುಬ್ಬಳ್ಳಿಯ ಒಬ್ಬ ಫಿಟ್ಟರನಿಗೆ ಫೇರ್ಲಿಗೆ ಸಿಕ್ಕ ದಾರಿ ಸಿಕ್ಕಿದ್ದರೆ, ಕೆರೆ ನೀರು ಸಾಲದ, ಕಲ್ಲಿದ್ದಲು ದೂರದಿಂದ ಬರಬೇಕಾದ, ಬಿಸಿಲಿನ ಈ ಸೀಮೆಗೆ ತಕ್ಕ ಎಂಜಿನು ಹೇಗಿರಬೇಕೆಂದು ಆತ ಯೋಚಿಸುತ್ತಿದ್ದ. ಲಂಡನ್ನಿನಲ್ಲಿ ಕೂತವರಿಗೆ ಆ ಪ್ರಶ್ನೆ ಏಳುವ ಕಾರಣವಿರಲಿಲ್ಲ.

ಫೇರ್ಲಿಗಾದರೂ ಕೊನೆಯ ದಿನಗಳು ಚೆನ್ನಾಗಿರಲಿಲ್ಲ. ಹ್ಯಾಚಮ್ ಕಾರ್ಖಾನೆಯನ್ನು ವಹಿಸಿಕೊಂಡು ತೆರೆದ ಕಂಪನಿ ಬೇಗ ಮುಚ್ಚಿತು. ರೈಲು ಕೆಲಸಕ್ಕೆಂದು ವೆನೆಜುವೆಲಾಕ್ಕೆ ಹೋಗಿ ಆರೋಗ್ಯ ಕೆಡಿಸಿಕೊಂಡು ಬಂದ. 1885ರ ಜುಲೈ ಕೊನೆಯಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ಹುಬ್ಬಳ್ಳಿಯ ಕಾರ್ಖಾನೆ ಶುರುವಾಯಿತು.

ಈಗ ಗೇಜಿನ ತಂಟೆ ಮುಗಿದಿದೆ. 1992ರಲ್ಲಿ ಭಾರತೀಯ ರೈಲ್ವೆ ದೇಶಕ್ಕೆಲ್ಲ ಒಂದೇ ಗೇಜು ಎಂದು ಹೊರಟಿತು. ಹೊಸಪೇಟೆ–ಕೊಟ್ಟೂರು ಹಾದಿಯೂ 1990ರ ದಶಕದಲ್ಲಿ ದೊಡ್ಡ ಗೇಜಾಯಿತು. ಆಗ ಏನಾಯಿತು ನೋಡಿ. ಮೀಟರ್ ಗೇಜ್ ಹಳಿಯ ಜೊತೆಗೆ ಪ್ರಯಾಣಿಕರ ಗಾಡಿಯೂ ಹೋಯಿತು. ದೊಡ್ಡ ಹಳಿಯ ಮೇಲೆ ಸಂಡೂರು–ಹೊಸಪೇಟೆ ಗುಡ್ಡಗಳ ಅದಿರು ಸಾಗಿತು, ಜನ ಸಾಗಲಿಲ್ಲ. ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಲಕ್ಷಗಟ್ಟಲೆ ಭಕ್ತರು ಬರುವ ಸೀಮೆಯಲ್ಲಿ, ಹಳಿ ಇದ್ದೂ ಪ್ರಯಾಣಿಕರ ಗಾಡಿ ಇಲ್ಲದೆ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆಯಿತು. ಧರಣಿ ಕೂತು, ಮನವಿ ಕೊಟ್ಟು, ಹೊಸಪೇಟೆ–ಹರಿಹರ ನಡುವೆ ಜನರ ಗಾಡಿ ಓಡಿದ್ದು 2019ರಲ್ಲಿ. ಬಡತನಕ್ಕೆ ಕಾರಣ ಸಣ್ಣ ಹಳಿ ಎಂದು ನಂಬಿದ್ದವರಿಗೆ ಇದು ಉತ್ತರ. ಹಳಿ ಅಗಲವಾದರೂ ಅರ್ಧವನ್ನಷ್ಟೇ ಕೊಡುವ ರೂಢಿ ಹಾಗೇ ಉಳಿಯಿತು. 1905ರಲ್ಲಿ ಅಗ್ಗದ ಹಳಿ ಕೊಟ್ಟು ಸಾಮರ್ಥ್ಯ ಕೊಡಲಿಲ್ಲ. 1990ರ ದಶಕದಲ್ಲಿ ಸಾಮರ್ಥ್ಯದ ಹಳಿ ಕೊಟ್ಟು ಗಾಡಿ ಕೊಡಲಿಲ್ಲ.

ಹಡಗಲಿ ತಾಲ್ಲೂಕಿಗಂತೂ ಹಳಿಯೇ ಇಲ್ಲ. ನಮ್ಮ ಹಿರೇಹಡಗಲಿ ಮೂಲೆಯ ಊರಲ್ಲ. ಪಲ್ಲವ ದೊರೆ ಶಿವಸ್ಕಂದವರ್ಮ ಕಂಚಿಯಿಂದ ಹೊರಡಿಸಿದ ಪ್ರಾಕೃತ ತಾಮ್ರಶಾಸನ, ಸುಮಾರು ನಾಲ್ಕನೆಯ ಶತಮಾನದ್ದು, ಸಿಕ್ಕಿದ್ದು ಇಲ್ಲಿ. ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯ ಬಾಗಿಲುವಾಡದ ಸೂಕ್ಷ್ಮ ಕೆತ್ತನೆಯನ್ನು ಪುರಾತತ್ತ್ವಜ್ಞ ಅಲೆಕ್ಸಾಂಡರ್ ರೀ ಅಳೆದು ಚಿತ್ರ ಬರೆಸಿ 1896ರಲ್ಲಿ ಮದ್ರಾಸಿನಿಂದ ಪುಸ್ತಕವಾಗಿ ಹೊರತಂದ. ಸಾವಿರದ ಆರುನೂರು ವರ್ಷದ ಹಿಂದೆ ಕಂಚಿಗೆ ಗೊತ್ತಿದ್ದ ನಾಡು ರೈಲಿನ ನಕಾಶೆಯಲ್ಲಿ ಬರಲಿಲ್ಲ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದನ್ನು ಮೊಗ್ಗಿದ್ದಾಗಲೇ ಬಿಡಿಸಿ, ಅರಳುವ ಮುನ್ನ ಪೇಟೆ ಮುಟ್ಟಿಸಬೇಕು. ಆ ಬೆಳೆಗೆ ಬೇಕಾದದ್ದು ತಾಸು ತಪ್ಪದ ಗಾಡಿ, ಹಳಿಯ ಅಗಲವಲ್ಲ.

ಗದಗ, ಮುಂಡರಗಿ, ಹಡಗಲಿ, ಹರಪನಹಳ್ಳಿ ಜೋಡಿಸುವ ಹಾದಿಯ ಬೇಡಿಕೆ ಹಳೆಯದು. ಆ ಬೇಡಿಕೆಯ ಮನವಿಗಳಲ್ಲಿ ಕಿಲೋಮೀಟರು, ಕೋಟಿ ರೂಪಾಯಿ, ಸಮೀಕ್ಷೆ ಇವಿಷ್ಟೇ ಇದ್ದರೆ ನಾವೂ ಹಳಿಯನ್ನಷ್ಟೇ ಕೇಳಿದಂತಾಯಿತು. ಹಾದಿ ಮುಗಿದ ದಿನದಿಂದ ದಿನಕ್ಕೆ ಎಷ್ಟು ಪ್ರಯಾಣಿಕರ ಗಾಡಿ, ಯಾವ ಹೊತ್ತಿಗೆ, ಹೂವು ತರಕಾರಿ ಸಾಗಿಸಲು ಯಾವ ಡಬ್ಬಿ ಎಂಬುದು ಮಂಜೂರಾತಿಯ ಕಾಗದದಲ್ಲೇ ಬರಲಿ ಎಂದು ಕೇಳಬೇಕು. ಅಲ್ಲಿಯವರೆಗೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ನಿಲ್ದಾಣಗಳಲ್ಲಿ ಗಾಡಿ ಬರುವ ಹೊತ್ತಿಗೆ ಹಡಗಲಿ, ಹಿರೇಹಡಗಲಿ, ಮೈಲಾರದ ಬಸ್ಸು ಅಲ್ಲೇ ನಿಂತಿರಬೇಕು. ಇದಕ್ಕೆ ಬೆಟ್ಟ ಕಡಿಯಬೇಕಿಲ್ಲ, ಹೊಸ ಹಳಿಯೂ ಬೇಡ. ರೈಲ್ವೆಯವರೂ ಸಾರಿಗೆ ಸಂಸ್ಥೆಯವರೂ ಒಂದು ಮೇಜಿನ ಮುಂದೆ ಕೂತು ಎರಡು ವೇಳಾಪಟ್ಟಿಗಳನ್ನು ಹೊಂದಿಸಿದರೆ ಆಯಿತು.